ಎಮಿಷನ್ ಟೆಸ್ಟ್ ಫೇಲ್: ಕನ್ವರ್ಟರ್ ಬದಲಿಸುವ ಮುನ್ನ ಚೀಟಿ ಓದಿ

ಪ್ರಶ್ನೆ: ನನ್ನದು 2018ರ ಬಿಎಸ್-4 (ಭಾರತ್ ಸ್ಟೇಜ್ ಮಾಲಿನ್ಯ ಮಾನದಂಡ) ಪೆಟ್ರೋಲ್ ಕಾರು. ಮನೆ ಪಕ್ಕದ ಬಂಕ್‌ನಲ್ಲಿ ಎಮಿಷನ್ ಟೆಸ್ಟ್ ಮಾಡಿಸಿದರೆ ಫೇಲ್ ಬಂತು. ಐಡ್ಲಿಂಗ್‌ನಲ್ಲಿ ಸಿಒ 0.52, ಎಚ್‌ಸಿ 230. ಆಕ್ಸಿಲರೇಟರ್ ಒತ್ತಿದಾಗ ಸಿಒ 0.41, ಲ್ಯಾಂಬ್ಡಾ 1.00. ಕ್ಯಾಟಲಿಟಿಕ್ ಕನ್ವರ್ಟರ್ ಹೋಗಿದೆ, ಬದಲಿಸಿ ಎನ್ನುತ್ತಾರೆ ಗ್ಯಾರೇಜಿನವರು. ಬೇರೆ ದಾರಿ ಇಲ್ಲವೇ?
— ಓದುಗರೊಬ್ಬರು, ಮೈಸೂರು

ಉತ್ತರ: ಇದೆ. ಈಗಲೇ ದುಡ್ಡು ಸುರಿಯಬೇಡಿ.

ನಿಮ್ಮ ಕಾರಿಗೆ ಐಡ್ಲಿಂಗ್‌ನಲ್ಲಿ ಸಿಒ, ಅಂದರೆ ಕಾರ್ಬನ್ ಮಾನಾಕ್ಸೈಡ್, ಶೇ 0.3 ದಾಟಬಾರದು. ಉರಿಯದೆ ಉಳಿದ ಇಂಧನವಾದ ಎಚ್‌ಸಿ 200 ಪಿಪಿಎಂ ಮೀರಬಾರದು. ಎಂಜಿನ್ 2500 ಆರ್‌ಪಿಎಂ ಆಸುಪಾಸಿನಲ್ಲಿ ತಿರುಗುವಾಗ ಸಿಒ ಮಿತಿ ಶೇ 0.2, ಲ್ಯಾಂಬ್ಡಾ 0.97ರಿಂದ 1.03ರ ಒಳಗಿರಬೇಕು. ನಿಮ್ಮ ಚೀಟಿಯಲ್ಲಿ ಸರಿಯಾಗಿರುವುದು ಲ್ಯಾಂಬ್ಡಾ ಒಂದೇ. ಸುಳಿವು ಇರುವುದೂ ಅಲ್ಲೇ.

ಪೆಟ್ರೋಲಿಗೆ ಬೇಕಾದಷ್ಟೇ ಗಾಳಿ ಸೇರಿದರೆ ಲ್ಯಾಂಬ್ಡಾ 1. ನಿಮ್ಮದು 1.00 ಇದೆಯೆಂದರೆ ಆಕ್ಸಿಜನ್ ಸೆನ್ಸರ್, ಇಂಜೆಕ್ಟರ್, ಏರ್ ಫಿಲ್ಟರ್ ತಮ್ಮ ಕೆಲಸ ಮಾಡುತ್ತಿವೆ. ಪೆಟ್ರೋಲ್ ಹೆಚ್ಚಾಗಿ ಹೋಗುತ್ತಿದ್ದರೆ ಅದು 0.97ಕ್ಕಿಂತ ಕೆಳಗೆ ಬರುತ್ತಿತ್ತು. ಸೈಲೆನ್ಸರ್ ತೂತು ಬಿದ್ದು ಹೊರಗಿನ ಗಾಳಿ ಸೇರಿದ್ದರೆ 1.03 ದಾಟುತ್ತಿತ್ತು. ಅಂದರೆ ಮಿಶ್ರಣ ಸರಿಯಿದೆ, ಕೊನೆಗೆ ಉಳಿದ ಸಿಒ, ಎಚ್‌ಸಿಯನ್ನು ಸುಡಬೇಕಾದ ಕನ್ವರ್ಟರ್ ಮಾತ್ರ ಕೆಲಸ ಮಾಡಿಲ್ಲ. ಗ್ಯಾರೇಜಿನವರು ಅಷ್ಟರ ಮಟ್ಟಿಗೆ ಸರಿ. ಆದರೆ ಕೆಲಸ ಮಾಡದಿರುವುದು ಬೇರೆ, ಕೆಟ್ಟಿರುವುದು ಬೇರೆ.

ಒಳಗಿನ ಪ್ಲಾಟಿನಮ್, ಪಲ್ಲಾಡಿಯಂ ಲೇಪ ಚುರುಕಾಗಲು ಸುಮಾರು 250–300 ಡಿಗ್ರಿ ಸೆಲ್ಸಿಯಸ್ ಬಿಸಿ ಬೇಕು. ಮನೆಯಿಂದ ಪಕ್ಕದ ಬಂಕ್‌ಗೆ ಹೋಗಿ, ಎಂಜಿನ್ ಆಫ್ ಮಾಡಿ ಸರದಿಯಲ್ಲಿ ಕಾದಿದ್ದರೆ ಅಷ್ಟು ಬಿಸಿ ಎಲ್ಲಿಂದ ಬರಬೇಕು? ರಿಂಗ್ ರೋಡಿನಲ್ಲಿ ಇಪ್ಪತ್ತು ನಿಮಿಷ ಓಡಿಸಿ ನೇರ ಟೆಸ್ಟ್‌ಗೆ ಹೋಗಿ. ನಿಮ್ಮ ಸರದಿ ಬರುವವರೆಗೂ ಎಂಜಿನ್ ಆಫ್ ಮಾಡಬೇಡಿ. ಅಳೆಯುವ ಮುನ್ನ ಅರೆ ನಿಮಿಷ 2500 ಆರ್‌ಪಿಎಂನಲ್ಲಿ ಹಿಡಿಯಿರಿ. ಹೊಗೆ ಅಳೆಯುವ ಪ್ರೋಬ್ ಸೈಲೆನ್ಸರ್ ಪೈಪಿನ ಬಾಯಲ್ಲೇ ನಿಲ್ಲದೆ ಆಳಕ್ಕೆ ಹೋಗಿದೆಯೇ ಎಂದು ಬಗ್ಗಿ ನೋಡಿ. ಇಷ್ಟೆಲ್ಲ ಆಗಿಯೂ ಅದೇ ಅಂಕಿ ಬಂದರೆ ಕನ್ವರ್ಟರ್ ಬದಲಿಸಲೇಬೇಕು. ಆಗಲೂ ಮೊದಲು ಸ್ಪಾರ್ಕ್ ಪ್ಲಗ್, ಕಾಯಿಲ್ ತಪಾಸಣೆ ಮಾಡಿಸಿ. ಮಿಸ್‌ಫೈರ್, ಅಂದರೆ ಎಂಜಿನ್‌ನಲ್ಲಿ ಪೆಟ್ರೋಲ್ ಸರಿಯಾಗಿ ಹೊತ್ತಿಕೊಳ್ಳದಿರುವುದು, ಇದ್ದರೆ ಹಸಿ ಪೆಟ್ರೋಲ್ ಕನ್ವರ್ಟರ್ ಒಳಗೆ ಉರಿದು ಹೊಸ ಕನ್ವರ್ಟರನ್ನೂ ಸುಟ್ಟುಹಾಕುತ್ತದೆ.

ಪ್ರಶ್ನೆ: ನನ್ನ ಬಿಎಸ್-6 ಡೀಸೆಲ್ ಕಾರು ಪ್ರತಿ ವರ್ಷ ಪಾಸಾಗುತ್ತಿದೆ. ಇನ್ನು ಮಾಲಿನ್ಯದ ಚಿಂತೆ ಬೇಡವಲ್ಲವೇ?
— ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಅಷ್ಟು ಹೇಳಲಾಗದು. ಡೀಸೆಲ್ ಗಾಡಿಗೆ ನ್ಯೂಟ್ರಲ್‌ನಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿ, ಹೊಗೆ ಎಷ್ಟು ಬೆಳಕನ್ನು ತಡೆಯುತ್ತದೆ ಎಂದಷ್ಟೇ ನೋಡುತ್ತಾರೆ. ಕಣ್ಣಿಗೆ ಕಾಣದ ನೈಟ್ರೋಜನ್ ಆಕ್ಸೈಡ್‌ಗಳನ್ನು ಆ ಯಂತ್ರ ಅಳೆಯುವುದೇ ಇಲ್ಲ. ಬಿಎಸ್-4ರಲ್ಲಿ ಡೀಸೆಲ್ ಕಾರಿಗೆ ಕಿ.ಮೀ.ಗೆ 250 ಮಿಲಿಗ್ರಾಂ ಇದ್ದ ಇವುಗಳ ಮಿತಿಯನ್ನು ಬಿಎಸ್-6 80ಕ್ಕೆ ಇಳಿಸಿತು. ಅದು ಕಂಪನಿ ಹೊಸ ಮಾಡೆಲ್‌ಗೆ ಅನುಮತಿ ಪಡೆಯುವಾಗ ಪ್ರಯೋಗಾಲಯದಲ್ಲಿ ಆಗುವ ಪರೀಕ್ಷೆ. ಪ್ರಯೋಗಾಲಯದಲ್ಲಿ ಪಾಸಾಗಿ ರಸ್ತೆಯಲ್ಲಿ ನೈಟ್ರೋಜನ್ ಆಕ್ಸೈಡ್ ಉಗುಳುವ ಕಾರುಗಳ ಕಥೆ 2015ರಲ್ಲಿ ಫೋಕ್ಸ್‌ವ್ಯಾಗನ್ ಪ್ರಕರಣದಲ್ಲಿ ಬಯಲಾಯಿತು. ನಮ್ಮಲ್ಲೂ 2023ರ ಏಪ್ರಿಲ್‌ನಿಂದ ಕಾರಿನ ಹಿಂಬದಿಗೆ ಅಳತೆ ಯಂತ್ರ ಕಟ್ಟಿ ನಿಜವಾದ ರಸ್ತೆಯಲ್ಲಿ ಓಡಿಸಿ ಮಿತಿ ನೋಡುವ ನಿಯಮ ಬಂದಿದೆ. ನನ್ನ ಮಟ್ಟಿಗೆ ಇದು ಬಹಳ ತಡವಾಗಿ ಬಂದ ಒಳ್ಳೆಯ ನಿಯಮ.

ನಿಮ್ಮ ಕೈಯಲ್ಲಿರುವುದು ಇಷ್ಟು: ಇಜಿಆರ್ ವಾಲ್ವ್ (ಉರಿದ ಹೊಗೆಯ ಒಂದು ಪಾಲನ್ನು ಎಂಜಿನ್‌ಗೆ ಮರಳಿ ಬಿಡುವ ಕವಾಟ) ಮುಚ್ಚಿಸಿದರೆ ಪಿಕಪ್ ಬರುತ್ತದೆ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ನೈಟ್ರೋಜನ್ ಆಕ್ಸೈಡ್ ಹುಟ್ಟದಂತೆ ಎಂಜಿನ್‌ನ ಉರಿಯನ್ನು ತಣಿಸುವುದೇ ಅದು, ಅದನ್ನು ಮುಚ್ಚಿಸಿದ ಕಾರೂ ಬಂಕ್‌ನ ಹೊಗೆ ಪರೀಕ್ಷೆಯಲ್ಲಿ ಪಾಸಾಗಿಬಿಡುತ್ತದೆ.