ಗೋಸುಂಬೆಗೆ ಗಿಡಗಳ ಗೂಡು

ಪ್ರಶ್ನೆ: ನಾವಿರೋದು ಡಲ್ಲಾಸ್‌ನಲ್ಲಿ. ಮಗ ಯೆಮೆನ್ ಮೂಲದ ವೇಲ್ಡ್ (veiled) ಅನ್ನೋ ಜಾತಿಯ ಗೋಸುಂಬೆ ಸಾಕಿದ್ದಾನೆ. ಹಳೇ ಮೀನಿನ ತೊಟ್ಟಿಯಲ್ಲೇ ಗಿಡ ಬೆಳೆಸಿ ಅದಕ್ಕೆ ಗೂಡು ಮಾಡಬಹುದಾ?

ಉತ್ತರ: ಬೇಡ. ಮರ ಹತ್ತುವ ಪ್ರಾಣಿ ಅದು, ಎತ್ತರ ಬೇಕು, ಗಾಳಿಯೂ ಆಡಬೇಕು. ಬೆಳೆದ ಗಂಡಿಗೆ ಕನಿಷ್ಠ 2 ಅಡಿ ಉದ್ದ, 2 ಅಡಿ ಅಗಲ, 4 ಅಡಿ ಎತ್ತರದ ಜಾಲರಿ ಗೂಡು ಕಟ್ಟಿ, ಜಾಗವಿದ್ದರೆ ಇನ್ನೂ ದೊಡ್ಡದು. ಒಂದು ಗೂಡಿಗೆ ಒಂದೇ ಗೋಸುಂಬೆ, ಜೋಡಿ ಇಟ್ಟರೆ ಕಚ್ಚಾಡುತ್ತವೆ.

ಗಿಡಕ್ಕೆ ದಾಸವಾಳ, ಮನಿ ಪ್ಲಾಂಟ್ ಸಾಕು. ಈ ಜಾತಿ ಎಲೆಯನ್ನೂ ತಿನ್ನುತ್ತೆ, ಹಾಗಾಗಿ ಔಷಧಿ ಹೊಡೆದ ನರ್ಸರಿ ಗಿಡವನ್ನು ಹಾಗೇ ಒಳಗಿಡಬೇಡಿ. ಬಟ್ಟಲಲ್ಲಿ ನೀರಿಟ್ಟರೆ ಸಾಮಾನ್ಯವಾಗಿ ತಿರುಗಿಯೂ ನೋಡಲ್ಲ. ಎಲೆಗೆ ನೀರು ಸಿಂಪಡಿಸಿ ನೋಡಿ, ಒಂದು ಕಣ್ಣು ನಿಮ್ಮ ಮೇಲೆ, ಇನ್ನೊಂದು ಹನಿ ಮೇಲೆ, ಆಮೇಲೆ ನಿಧಾನವಾಗಿ ನೆಕ್ಕುತ್ತೆ.

(ಊರಲ್ಲಿರುವ ಓದುಗರೇ, ಇದನ್ನೋದಿ ಬೇಲಿ ಮೇಲಿನ ಗೋಸುಂಬೆ ಹಿಡಿದು ತರಬೇಡಿ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅದು ಅಪರಾಧ.)

ಮೇಲೆ ಬಿಸಿಲು ಕಾಯಲು ಒಂದು ಕೊಂಬೆ, ಅಲ್ಲಿ ಸುಮಾರು 30 ಡಿಗ್ರಿ ಸೆಲ್ಸಿಯಸ್ ಶಾಖ ಇರಲಿ. ಬಿಸಿಲಿನಲ್ಲಿರುವಂಥ ಅತಿನೇರಳೆ ಕಿರಣ ಕೊಡುವ ಯುವಿಬಿ ಟ್ಯೂಬ್‌ಲೈಟ್ ಇಲ್ಲದಿದ್ದರೆ ಮೂಳೆ ಮೆತ್ತಗಾಗುತ್ತೆ, ಅದರಲ್ಲಿ ಉಳಿತಾಯ ಬೇಡ. ತಳದಲ್ಲಿ ತೂತು ಕೊರೆದು ಕೆಳಗೊಂದು ಟ್ರೇ ಇಡಿ, ಇಲ್ಲಾಂದ್ರೆ ನೀರು ನಿಂತು ವಾಸನೆ ಹೊಡೆಯುತ್ತೆ.