ಓದುಗರ ಪ್ರಶ್ನೆ: ಫಿನ್‌ಲ್ಯಾಂಡಿಗೆ ಹೋಗೋ ಮುಂಚೆ

ಪ್ರಶ್ನೆ: ಅಕ್ಕಾರ, ನಮಸ್ಕಾರ್ರಿ. ನಾ ಎಂಬೆಡೆಡ್ ಸಾಫ್ಟ್‌ವೇರ್ ಇಂಜಿನಿಯರ್, ಏಳು ವರ್ಷ ಎಕ್ಸ್‌ಪೀರಿಯೆನ್ಸ್ ಐತಿ. ಫಿನ್‌ಲ್ಯಾಂಡಿನ ಟಾಂಪೆರೆದಾಗ ಒಂದು ಕಂಪನಿಯಿಂದ ಆಫರ್ ಬಂದೈತ್ರಿ. ಹೆಂಡ್ತಿ ಡೆಂಟಿಸ್ಟ್, ಇಲ್ಲೇ ಸ್ವಂತ ಕ್ಲಿನಿಕ್ ಐತಿ, ಮಗಳಿಗೆ ಮೂರು ವರ್ಷ. ಪರ್ಮಿಟ್ ಎಷ್ಟು ದಿನ ಹಿಡಿತೈತಿ, ಆಕಿಗೆ ಅಲ್ಲಿ ಪ್ರಾಕ್ಟೀಸ್ ಮಾಡಾಕ ಬರ್ತೈತೇನು, ಮುಂದ ಪಿಆರ್, ಅಂದ್ರ ಅಲ್ಲೇ ಕಾಯಂ ಇರಾಕ ಪರ್ಮಿಟ್, ಸಿಗ್ತೈತೇನು? ಮನ್ಯಾಗ ಎಲ್ಲಾರೂ ಹೋಗು ಹೋಗು ಅನ್ನಾಕತ್ತಾರ.
- ಹೆಸರು ಬೇಡ, ಹುಬ್ಬಳ್ಳಿ

ಉತ್ತರ: ಪರ್ಮಿಟ್ ವಿಷಯ ಮೊದಲು ಮುಗಿಸಿಬಿಡ್ತೀನಿ, ಮೂರರಲ್ಲಿ ಅದೇ ಸುಲಭದ್ದು. ನಿಮ್ಮಂಥವರಿಗೆ ಸ್ಪೆಷಲಿಸ್ಟ್ ಪರ್ಮಿಟ್ ಅಂತ ಇದೆ, ಡಿಗ್ರಿ ಇರಬೇಕು, ಸಂಬಳ ಅವರು ಹೇಳಿದ ಮಿತಿ ದಾಟಿರಬೇಕು, ಆ ಮಿತಿ ಬದಲಾಗ್ತಾ ಇರುತ್ತೆ, ಅಲ್ಲಿನ ಇಮಿಗ್ರೇಷನ್ ಇಲಾಖೆ ‘ಮಿಗ್ರಿ’ಯ ವೆಬ್‌ಸೈಟಲ್ಲಿ ನೋಡ್ಕೊಳ್ಳಿ. ಆನ್‌ಲೈನಲ್ಲೇ ಅರ್ಜಿ ಹಾಕಿ ಫಾಸ್ಟ್ ಟ್ರ್ಯಾಕ್ ತಗೊಂಡು, ಕಂಪನಿಯವರೂ ತಮ್ಮ ಭಾಗ ತಡ ಮಾಡದೆ ತುಂಬಿದ್ರೆ ಎರಡು ವಾರದಲ್ಲಿ ತೀರ್ಮಾನ ಬರುತ್ತೆ. ಹೆಂಡತಿ ಮಗಳ ಅರ್ಜಿನೂ ಜೊತೇಲೇ ಹಾಕಿ, ಅವರಿಗೂ ಅದೇ ವೇಗ. ಮೊದಲ ಪರ್ಮಿಟ್ ಹೆಚ್ಚಂದ್ರೆ ಎರಡು ವರ್ಷದ್ದು. ಅಲ್ಲಿಗೆ ಹೋದ ತಕ್ಷಣ ಪರ್ಸನಲ್ ಐಡಿ ನಂಬರ್, ಬ್ಯಾಂಕ್ ಅಕೌಂಟ್, ಟ್ಯಾಕ್ಸ್ ಕಾರ್ಡ್ ಮಾಡಿಸ್ಕೊಳ್ಳಿ. ಸಂಬಳದಲ್ಲಿ ಎಷ್ಟು ತೆರಿಗೆ ಹಿಡೀಬೇಕು ಅಂತ ಹೇಳೋ ಆ ಟ್ಯಾಕ್ಸ್ ಕಾರ್ಡ್ ಕೊಡದಿದ್ರೆ ಕಂಪನಿಯವರು ತೆರಿಗೆ ಅಂತ 60% ಹಿಡ್ಕೋತಾರೆ, ಅಲ್ಲಿನ ನಿಯಮನೇ ಹಾಗೆ.

ಈಗ ನಿಮ್ಮ ಮನೆಯವರ ವಿಷಯ, ನನಗೆ ನಿಜವಾಗಿ ಚಿಂತೆ ಆಗಿದ್ದು ಇಲ್ಲೇ. ಕುಟುಂಬದ ಪರ್ಮಿಟ್ ಮೇಲೆ ಹೋದವರಿಗೆ ಯಾವ ಕೆಲಸ ಬೇಕಾದ್ರೂ ಮಾಡೋ ಹಕ್ಕಿದೆ, ಅದು ದೊಡ್ಡ ಅನುಕೂಲ. ಆದ್ರೆ ಹಕ್ಕು ಬೇರೆ, ಡೆಂಟಿಸ್ಟ್ ಲೈಸೆನ್ಸ್ ಬೇರೆ. ಯುರೋಪಿನ ಹೊರಗೆ ಓದಿದವರು ಮೊದಲು ಫಿನ್ನಿಷ್ ಅಥವಾ ಸ್ವೀಡಿಷ್ ಭಾಷೆ ಬರುತ್ತೆ ಅಂತ ತೋರಿಸಬೇಕು, ಆರು ತಿಂಗಳು ಅಲ್ಲಿನ ಆಸ್ಪತ್ರೆಯಲ್ಲೋ ಹೆಲ್ತ್ ಸೆಂಟರಲ್ಲೋ ಪ್ರಾಕ್ಟಿಕಲ್ ಟ್ರೇನಿಂಗ್ ಮಾಡಬೇಕು, ಮೂರು ಹಂತದ ಪರೀಕ್ಷೆ ಪಾಸ್ ಆಗಬೇಕು. ಇದಕ್ಕೆಲ್ಲ ವರ್ಷಗಳೇ ಬೇಕು. ಆಗಲ್ಲ ಅಂತ ಹೇಳ್ತಿಲ್ಲ, ಆದ್ರೆ ಸ್ವಂತ ಕ್ಲಿನಿಕ್ಕಿನಲ್ಲಿ ನಾಲ್ಕು ಜನರ ಗೌರವದಲ್ಲಿ ಬಾಳಿದ ಹೆಣ್ಮಗಳು ಒಮ್ಮೆಲೇ ಫ್ಲ್ಯಾಟಿನೊಳಗೆ, ಡಿಸೆಂಬರಿನಲ್ಲಿ ಆರು ತಾಸೂ ಬೆಳಕಿಲ್ಲದ ಊರಲ್ಲಿ, ಗಂಡ ಆಫೀಸಿಗೆ ಹೋದ ಮೇಲೆ ಕೂತಿರೋದು ಅಂದ್ರೆ ಏನು ಅಂತ ನೀವಿಬ್ಬರೂ ಕೂತು ಮಾತಾಡಿದ್ದೀರಾ? ‘ಹೋಗು ಹೋಗು’ ಅನ್ನೋರಲ್ಲಿ ಆಕೆನೂ ಇದ್ದಾರಾ? ನಿಮ್ಮ ಪತ್ರದಲ್ಲಿ ಅದು ಗೊತ್ತಾಗಲಿಲ್ಲ.

ಒಪ್ಪಿದ್ರೆ ನನ್ನ ಸಲಹೆ ಇಷ್ಟು: ಇವತ್ತಿಂದಲೇ ಇಬ್ಬರೂ ಆನ್‌ಲೈನಲ್ಲಿ ಫಿನ್ನಿಷ್ ಕಲಿಯೋಕೆ ಶುರು ಮಾಡಿ. ಕಷ್ಟದ ಭಾಷೆ ಅಂತ ಹೆದರಿಸೋರು ಬಹಳ ಜನ, ಆದ್ರೆ ವಿಭಕ್ತಿ ಪದದ ಹಿಂದೆ ಅಂಟಿಕೊಳ್ಳೋದು ನಮಗೇನು ಹೊಸದಲ್ಲ, ಬರೆದಂಗೇ ಓದ್ತಾರೆ. ಕ್ಲಿನಿಕ್ ಮಾರಬೇಡಿ, ಒಂದೆರಡು ವರ್ಷ ಯಾರಿಗಾದ್ರೂ ನಡೆಸೋಕೆ ಕೊಡಿ. ಮಗಳ ಬಗ್ಗೆ ಮಾತ್ರ ನಿಶ್ಚಿಂತೆ. ಮುನಿಸಿಪಾಲಿಟಿ ಡೇಕೇರ್ ಚೆನ್ನಾಗಿದೆ, ಫೀಸು ಆದಾಯದ ಮೇಲೆ, ಹೆಚ್ಚಂದ್ರೆ ತಿಂಗಳಿಗೆ 300 ಯೂರೋ ಆಸುಪಾಸು, ಒಂದನೇ ಕ್ಲಾಸು ಏಳು ತುಂಬೋ ವರ್ಷಕ್ಕೆ. ಆಕೆ ನಿಮ್ಮಿಬ್ಬರಿಗಿಂತ ಮೊದಲೇ ಫಿನ್ನಿಷ್ ಮಾತಾಡ್ತಾಳೆ.

ಇನ್ನೊಂದು ಮಾತು, ಇದನ್ನ ಯಾರೂ ಮೊದಲೇ ಹೇಳಲ್ಲ. 2025ರ ಜೂನ್‌ನಿಂದ ಹೊಸ ನಿಯಮ ಬಂದಿದೆ, ಕೆಲಸ ಹೋದ್ರೆ ಮೂರು ತಿಂಗಳೊಳಗೆ ಬೇರೆ ಕೆಲಸ ಹುಡುಕ್ಕೋಬೇಕು, ಸ್ಪೆಷಲಿಸ್ಟ್‌ಗಳಿಗೂ ಎರಡು ವರ್ಷಕ್ಕಿಂತ ಹೆಚ್ಚು ಅಲ್ಲಿದ್ದವರಿಗೂ ಆರು ತಿಂಗಳು, ಇಲ್ಲಾಂದ್ರೆ ಪರ್ಮಿಟ್ ರದ್ದಾಗಬಹುದು. ಅದರಲ್ಲೂ ಈಚೆಗೆ ಅಲ್ಲಿ ನಿರುದ್ಯೋಗ 10% ಹತ್ರ ಇದೆ. ಅದಕ್ಕೇ ಆಫರ್ ಲೆಟರಲ್ಲಿ ಪ್ರೊಬೇಷನ್ ಎಷ್ಟು ತಿಂಗಳು, ನೋಟಿಸ್ ಎಷ್ಟು ಅಂತ ನೋಡಿ, ಆರು ತಿಂಗಳ ಖರ್ಚಿನಷ್ಟು ದುಡ್ಡು ಕೈಯಲ್ಲಿಟ್ಕೊಂಡು ಹೋಗಿ. ಪಿಆರ್‌ಗೆ 2026ರ ಜನವರಿಯಿಂದ ನಾಲ್ಕರ ಬದಲು ಆರು ವರ್ಷ ಆಗಿದೆ, ಭಾಷೆನೂ ಬರಬೇಕು, ಎರಡು ವರ್ಷ ಕೆಲಸನೂ ಮಾಡಿರಬೇಕು. ವರ್ಷಕ್ಕೆ 40,000 ಯೂರೋ ಆದಾಯ ಇದ್ದವರಿಗೆ ನಾಲ್ಕು ವರ್ಷದ ದಾರಿ ಉಳಿದಿದೆ, ನಿಮಗೆ ಅದೇ ಹೊಂದಬಹುದು. ಪೌರತ್ವಕ್ಕೆ 2024ರ ಅಕ್ಟೋಬರ್‌ನಿಂದ ಸಾಮಾನ್ಯವಾಗಿ ಎಂಟು ವರ್ಷ.

ಪ್ರಶ್ನೆ: ಹಸುಗಳ ಆರೋಗ್ಯ ನೋಡೋ ಸೆನ್ಸರ್ ಮಾಡಿದ್ದೀನಿ ಮೇಡಂ, ಒಬ್ಬನೇ. ಫಿನ್‌ಲ್ಯಾಂಡ್ ಸ್ಟಾರ್ಟ್‌ಅಪ್ ಪರ್ಮಿಟ್ ಸಿಗುತ್ತಾ?
- ಓದುಗ, ಮೈಸೂರು

ಉತ್ತರ: ಒಬ್ಬರಿಗೆ ಸಿಗಲ್ಲ. ಕನಿಷ್ಠ ಇಬ್ಬರು ಫೌಂಡರ್ಸ್ ಬೇಕು, ಇಬ್ಬರ ಕೌಶಲ ಬೇರೆ ಬೇರೆ ಇರಬೇಕು, ಕಂಪನಿಯ 60% ಆದ್ರೂ ಫೌಂಡರ್ಸ್ ಕೈಯಲ್ಲಿರಬೇಕು. ಮೊದಲು ಬಿಸಿನೆಸ್ ಫಿನ್‌ಲ್ಯಾಂಡ್ ಅನ್ನೋ ಸರ್ಕಾರಿ ಸಂಸ್ಥೆ ನಿಮ್ಮ ಪ್ಲ್ಯಾನ್ ನೋಡಿ ಒಪ್ಪಬೇಕು, ಅವರ ಪತ್ರ ನಾಲ್ಕು ತಿಂಗಳು ಮಾತ್ರ ನಡೆಯುತ್ತೆ, ಅಷ್ಟರಲ್ಲಿ ಮಿಗ್ರಿಗೆ ಅರ್ಜಿ ಹಾಕಬೇಕು. ಹಲವು ದೇಶಗಳಲ್ಲಿ ಬೇಗ ಬೆಳೆಯೋ ಬಿಸಿನೆಸ್ ಅಂತ ಅವರಿಗೆ ಅನ್ನಿಸಬೇಕು. ಅಲ್ಲಿ ಹೈನುಗಾರಿಕೆ ದೊಡ್ಡದೇ, ಆದ್ರೆ ಚಳಿಗಾಲ ಪೂರ್ತಿ ಹಸು ಕೊಟ್ಟಿಗೆಯಲ್ಲೇ ಇರುತ್ತೆ, ಹಾಲು ಕರೆಯೋ ರೋಬೋಟ್ ಇರೋ ಫಾರಂಗಳೂ ಬಹಳ, ಮಂಡ್ಯದ ಎರಡು ಹಸುವಿನ ಮನೆಗೆ ಮಾಡಿದ ಸೆನ್ಸರ್ ಅಲ್ಲಿಗೆ ಹಾಗೇ ಹೊಂದಲ್ಲ. ನವೆಂಬರಿನಲ್ಲಿ ಹೆಲ್ಸಿಂಕಿಯಲ್ಲಿ ಸ್ಲಷ್ ಅಂತ ದೊಡ್ಡ ಸ್ಟಾರ್ಟ್‌ಅಪ್ ಮೇಳ ಆಗುತ್ತೆ, ಮೊದಲು ಅದಕ್ಕೆ ಹೋಗಿ, ಜೊತೆಗೆ ಒಂದೆರಡು ಫಾರಂನೂ ನೋಡಿ. ಅಲ್ಲಿನ ರೈತರೊಬ್ಬರು ‘ಇದು ನಂಗೆ ಬೇಕು’ ಅಂದ್ರೆ ಆಮೇಲೆ ಪಾರ್ಟ್ನರ್ ಹುಡುಕಿ.

ಪ್ರಶ್ನೆ: ನನ್ನ ತಮ್ಮ ಹೋಟೆಲಲ್ಲಿ ಅಡಿಗೆ ಮಾಡ್ತಾನೆ. ಹೆಲ್ಸಿಂಕಿಯ ರೆಸ್ಟೋರೆಂಟಲ್ಲಿ ಗ್ಯಾರಂಟಿ ಕೆಲಸ ಅಂತ ಏಜೆಂಟ್ ಒಬ್ಬ ಆರು ಲಕ್ಷ ಕೇಳ್ತಿದ್ದಾನೆ. ಕೊಡಬಹುದಾ?
- ಓದುಗರು, ಕುಂದಾಪುರ

ಉತ್ತರ: ದಯವಿಟ್ಟು ಕೊಡಬೇಡಿ. ಕೆಲಸ ಕೊಡಿಸೋಕೆ ಕೆಲಸಗಾರನ ಹತ್ರ ದುಡ್ಡು ತಗೊಳ್ಳೋದು ಫಿನ್‌ಲ್ಯಾಂಡಿನ ಕಾನೂನಲ್ಲಿ ನಿಷೇಧ. ನಮ್ಮ ದೇಶದಲ್ಲೂ ನೋಂದಾಯಿತ ಏಜೆಂಟ್ ಸರ್ವಿಸ್ ಚಾರ್ಜ್ ಅಂತ 30,000 ರೂಪಾಯಿ ಮತ್ತೆ ಅದರ ಜಿಎಸ್‌ಟಿ ಬಿಟ್ಟು ಜಾಸ್ತಿ ತಗೊಳ್ಳೋ ಹಾಗಿಲ್ಲ, ಅವನ ಹೆಸರು ವಿದೇಶಾಂಗ ಇಲಾಖೆಯ ಇ-ಮೈಗ್ರೇಟ್ ಪಟ್ಟಿಯಲ್ಲಿ ಇದೆಯಾ ಇವತ್ತೇ ನೋಡಿ. ಸಾಲ ಮಾಡಿ ಹೋದ ಹುಡುಗ ಅಲ್ಲಿ ದಿನಕ್ಕೆ ಹನ್ನೆರಡು ತಾಸು ದುಡಿದು, ಅಕೌಂಟಿಗೆ ಬಂದ ಸಂಬಳದಲ್ಲಿ ಅರ್ಧ ಮಾಲೀಕನಿಗೇ ವಾಪಸ್ ಕೊಟ್ಟು, ಸಾಲದ ಹೆದರಿಕೆಗೆ ಬಾಯಿ ಬಿಡದೆ ಇರೋ ಕೇಸುಗಳು ಅಲ್ಲಿ ಹೊರಗೆ ಬಂದಿವೆ. ಪರಿಚಯದವರು ಯಾರಾದ್ರೂ ಈಗಾಗಲೇ ಹಾಗೆ ಸಿಕ್ಕಿಹಾಕ್ಕೊಂಡಿದ್ರೆ ರಿಕು ಅನ್ನೋ ಸಂಸ್ಥೆಗೆ ಫೋನ್ ಮಾಡೋಕೆ ಹೇಳಿ, ದುಡ್ಡು ತಗೊಳ್ದೆ ಸಹಾಯ ಮಾಡ್ತಾರೆ. ತಮ್ಮನಿಗೆ ನಿಜವಾಗಿ ಆಸೆ ಇದ್ರೆ ರೆಸ್ಟೋರೆಂಟಿನವರ ಜೊತೆ ನೇರವಾಗಿ ಮಾತಾಡಲಿ, ಕಾಂಟ್ರಾಕ್ಟಲ್ಲಿ ಗಂಟೆ ಎಷ್ಟು, ಸಂಬಳ ಎಷ್ಟು ಅಂತ ಬರೆಸ್ಕೊಳ್ಳಲಿ, ಅದನ್ನ ನನಗೆ ಕಳಿಸಿದ್ರೆ ಸಹಿ ಹಾಕೋ ಮುಂಚೆ ಓದಿ ಹೇಳ್ತೀನಿ.