ಶಾಲೆ ತೆರೆಯುವ ಅರ್ಜಿ: ಓದುಗರ ಪ್ರಶ್ನೆ, ಬಲ್ಲವರ ಉತ್ತರ

ಹೊಸ ಶಾಲೆ ಆರಂಭಿಸಬೇಕೆಂದಿರುವ ಟ್ರಸ್ಟು, ಸಂಘಗಳವರಿಂದ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಈ ಸಲ ಎತ್ತಿಕೊಂಡಿದ್ದೇವೆ. ಎಲ್ಲವೂ ಮಂಗಳೂರು, ಉಡುಪಿ ಕಡೆಯವು.

ಪ್ರಶ್ನೆ: ನಮ್ಮ ಟ್ರಸ್ಟಿನ ಹೆಸರಲ್ಲಿ 80 ಸೆಂಟ್ಸ್ ವರ್ಗ (ಪಟ್ಟಾ) ಜಾಗ ಇದೆ. ಪಕ್ಕದ ಕುಮ್ಕಿಯಲ್ಲಿ ಆಟದ ಮೈದಾನ ಸಮತಟ್ಟು ಮಾಡಿಸಿದ್ದೇವೆ. ಅರ್ಜಿಯಲ್ಲಿ ಎರಡನ್ನೂ ಸೇರಿಸಿ ತೋರಿಸಬಹುದೇ? (ಬ್ರಹ್ಮಾವರ)

ತೋರಿಸಬೇಡಿ. ಕುಮ್ಕಿ ಸರ್ಕಾರಿ ಜಾಗ. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 79ನೇ ಕಲಂ ಉಳಿಸಿಕೊಟ್ಟಿರುವುದು ಸೊಪ್ಪು, ಸೌದೆಯಂಥ ಸವಲತ್ತನ್ನು ಮಾತ್ರ, ಒಡೆತನವನ್ನಲ್ಲ. ನಕ್ಷೆಯಲ್ಲಿ ಮೈದಾನ ಕುಮ್ಕಿಯ ಮೇಲೆ ಬಿದ್ದರೆ, ಕಾಗದದ ಲೆಕ್ಕದಲ್ಲಿ ನಿಮ್ಮದು ಮೈದಾನವೇ ಇಲ್ಲದ ಶಾಲೆ. 80 ಸೆಂಟ್ಸ್ ಅಂದರೆ ಸುಮಾರು 3,237 ಚದರ ಮೀಟರ್. ಕಟ್ಟಡವನ್ನು ಎರಡು ಮಹಡಿಗೆ ಏರಿಸಿ, ಒಂದು ಬದಿಗೆ ಒತ್ತರಿಸಿದರೆ ಅಷ್ಟರೊಳಗೇ ಮೈದಾನಕ್ಕೆ ಜಾಗ ಸಿಗುತ್ತದೆ. ನಕ್ಷೆಯನ್ನು ಹಾಗೆಯೇ ಬರೆಸಿ.

ಭೂಪರಿವರ್ತನೆಯ ಆದೇಶವನ್ನು ಒಮ್ಮೆ ಪೂರ್ತಿ ಓದಿ. ಅದೇ ಕಾಯ್ದೆಯ 95ನೇ ಕಲಂ ಪ್ರಕಾರ ಕೊಡುವ ಆದೇಶದಲ್ಲಿ ಯಾವ ಉದ್ದೇಶಕ್ಕೆ ಎಂದು ನಮೂದಾಗಿರುತ್ತದೆ. ‘ವಾಸ್ತವ್ಯ’ ಎಂದಿದ್ದರೆ ಶಾಲೆಗೆ ಅದು ಸಾಲದು, ‘ಶೈಕ್ಷಣಿಕ’ ಎಂದೇ ಇರಬೇಕು. ಮನೆ ಕಟ್ಟಲೆಂದು ಪರಿವರ್ತನೆಯಾದ ಜಾಗವನ್ನು ದಾನ ಪಡೆದ ಟ್ರಸ್ಟುಗಳು ಇಲ್ಲೇ ಮುಗ್ಗರಿಸುತ್ತವೆ. ಪಹಣಿಯಲ್ಲಿ ಜಂಟಿ ಹೆಸರುಗಳಿದ್ದರೆ ಎಲ್ಲ ಹಕ್ಕುದಾರರ ಸಹಿ ಬೇಕು. ನಮ್ಮ ಕಡೆಯ ಕುಟುಂಬದ ಆಸ್ತಿಗಳಲ್ಲಿ ಮುಂಬೈಯಲ್ಲಿರುವ ಒಬ್ಬರ ಸಹಿಗಾಗಿ ಇಡೀ ಕಡತ ಕಾಯುತ್ತ ಕೂರುವುದುಂಟು. ಜಾಗ ಬಾಡಿಗೆಯದಾದರೆ ನೋಟರಿ ಮಾಡಿಸಿದ ಕರಾರು ನಡೆಯದು. ಒಂದು ವರ್ಷ ಮೀರಿದ ಗುತ್ತಿಗೆಪತ್ರವನ್ನು ಉಪನೋಂದಣಿ ಕಚೇರಿಯಲ್ಲಿ ನೋಂದಾಯಿಸಲೇಬೇಕು. ಇನ್ನು, ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ಎಂದರೆ ಕಡಲ ಬದಿಯ ಮಾತು ಎಂದುಕೊಂಡು ಸುಮ್ಮನಾಗಬೇಡಿ. ಉಬ್ಬರದ ನೀರು ಏರುವ ಹೊಳೆಗಳ ದಡಕ್ಕೂ ಅದು ಅನ್ವಯಿಸುತ್ತದೆ. ಸ್ವರ್ಣಾ, ಸೀತಾ ಹೊಳೆಗಳ ಬದಿಯ ಜಾಗವಾದರೆ ಕಟ್ಟಡದ ನಕ್ಷೆಗೆ ಖರ್ಚು ಮಾಡುವ ಮೊದಲೇ ಇದನ್ನು ವಿಚಾರಿಸಿಕೊಳ್ಳಿ.

ಪ್ರಶ್ನೆ: ಆನ್‌ಲೈನ್ ಅರ್ಜಿ ಹಾಕಿಯಾಗಿದೆ. ತಪಾಸಣೆ ಇನ್ನೂ ಆಗಿಲ್ಲ. ಹೆತ್ತವರು ಒತ್ತಾಯಿಸುತ್ತಿದ್ದಾರೆ. ಜೂನ್‌ನಲ್ಲಿ ತರಗತಿ ಶುರು ಮಾಡಿ, ಮಾನ್ಯತೆ ಬಂದ ಮೇಲೆ ಸರಿಪಡಿಸಿಕೊಳ್ಳಬಹುದಲ್ಲವೇ? (ಸುರತ್ಕಲ್)

ಆಗದು. ನೋಂದಣಿ ಬೇರೆ, ಮಾನ್ಯತೆ ಬೇರೆ. 1983ರ ಕರ್ನಾಟಕ ಶಿಕ್ಷಣ ಕಾಯ್ದೆಯಲ್ಲಿ ನೋಂದಣಿಯ ಮಾತು 30 ಮತ್ತು 31ನೇ ಕಲಂನಲ್ಲಿದೆ, ಮಾನ್ಯತೆಯದು 36ರಲ್ಲಿ. ಇದರ ಜೊತೆಗೆ 2009ರ ಶಿಕ್ಷಣ ಹಕ್ಕು ಕಾಯ್ದೆಯ 18ನೇ ಕಲಂ ಇದೆ. ಮಾನ್ಯತೆಯ ಪ್ರಮಾಣಪತ್ರವಿಲ್ಲದೆ ಶಾಲೆ ನಡೆಸಿದರೆ 1 ಲಕ್ಷ ರೂಪಾಯಿವರೆಗೆ ದಂಡ, ಆಮೇಲೂ ಮುಂದುವರಿಸಿದರೆ ದಿನಕ್ಕೆ 10,000 ರೂಪಾಯಿ. ದಂಡಕ್ಕಿಂತ ದೊಡ್ಡ ನಷ್ಟ ಮಕ್ಕಳದು. ಮಾನ್ಯತೆ ಇಲ್ಲದ ಶಾಲೆಗೆ ಯು-ಡೈಸ್ (ದೇಶದ ಶಾಲಾ ದತ್ತಾಂಶದ) ಸಂಖ್ಯೆ ಸಿಗುವುದಿಲ್ಲ, ಸ್ಯಾಟ್ಸ್‌ನಲ್ಲಿ (ಇಲಾಖೆಯ ವಿದ್ಯಾರ್ಥಿ ದಾಖಲೆ ಜಾಲದಲ್ಲಿ) ಮಕ್ಕಳ ಹೆಸರು ಏರುವುದಿಲ್ಲ, ನೀವು ಕೊಡುವ ವರ್ಗಾವಣೆ ಪತ್ರಕ್ಕೆ ಬೆಲೆ ಇರುವುದಿಲ್ಲ. ಮಕ್ಕಳನ್ನು ಬೇರೊಂದು ಶಾಲೆಯ ದಾಖಲೆಯಲ್ಲಿ ತೋರಿಸಿ ಇಲ್ಲಿ ಕಲಿಸುವ ದಾರಿಯನ್ನು ಯಾರಾದರೂ ಸೂಚಿಸಿದರೆ ಒಪ್ಪಬೇಡಿ. ಆ ಶಾಲೆಯ ಹಾಜರಿಯೇ ಸುಳ್ಳಾಗುತ್ತದೆ, ಮುಂದೆ ಉತ್ತರ ಹೇಳಬೇಕಾದವರು ಆ ಮಕ್ಕಳ ಹೆತ್ತವರು. ಒಂದು ವರ್ಷ ತಡವಾದರೆ ಆಗಲಿ.

ಕಾಯುವ ಹೊತ್ತಿನಲ್ಲಿ ದಾಖಲೆಗಳಲ್ಲಿ ಹೆಸರು ಒಂದೇ ರೀತಿ ಇದೆಯೇ ನೋಡಿ. ಊರಿನ ಅಧಿಕೃತ ಹೆಸರು ಮಂಗಳೂರು ಎಂದಾದದ್ದು 2014ರ ನವೆಂಬರ್ 1ರಂದು. ಅದಕ್ಕೂ ಹಳೆಯ ಟ್ರಸ್ಟ್‌ಡೀಡ್, ಪ್ಯಾನ್ ಕಾರ್ಡುಗಳಲ್ಲಿ ‘ಮ್ಯಾಂಗಲೋರ್’ ಎಂದಿರುತ್ತದೆ, ಹೊಸ ಅರ್ಜಿಯಲ್ಲಿ ‘ಮಂಗಳೂರು’. ಊರಿನ ಹೆಸರು ಟ್ರಸ್ಟಿನ ಹೆಸರಿನ ಭಾಗವೇ ಆಗಿದ್ದರೆ ಎರಡೂ ಒಂದೇ ಸಂಸ್ಥೆ ಎಂದು ತೋರಿಸುವ ಕಾಗದ ಸಿದ್ಧವಿರಲಿ. ಡೀಡ್‌ನ ಉದ್ದೇಶಗಳಲ್ಲಿ ‘ಶಾಲೆ ನಡೆಸುವುದು’ ಎಂಬ ಮಾತು ಸ್ಪಷ್ಟವಾಗಿ ಇರಬೇಕು. ‘ಸಮಾಜಸೇವೆ’ ಎಂದಷ್ಟೇ ಬರೆದದ್ದು ಸಾಲದು. ಟ್ರಸ್ಟಿನ ಬದಲು ಸಂಘ ಕಟ್ಟುವವರು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯ ಪ್ರಕಾರ ಕನಿಷ್ಠ 7 ಸದಸ್ಯರನ್ನು ಹೊಂದಿಸಿಕೊಳ್ಳಬೇಕು.

ಪ್ರಶ್ನೆ: ಒಂದನೇ ತರಗತಿಯಿಂದ ಆರಂಭಿಸಿ ವರ್ಷಕ್ಕೊಂದು ತರಗತಿ ಏರಿಸುವ ಯೋಜನೆ ನಮ್ಮದು. ತರಗತಿಗೆ 35 ಮಕ್ಕಳೆಂದು ಬರೆದಿದ್ದೇವೆ. ಬಜೆಟ್ ಪುಟ ಹೇಗಿರಬೇಕು? ಬಿ.ಎಡ್. ಆದ ಶಿಕ್ಷಕಿಯರು ಸಿದ್ಧರಿದ್ದಾರೆ. (ಕಾರ್ಕಳ)

ಅರ್ಜಿಯ ಜೀವ ಇರುವುದೇ ಈ ಪುಟದಲ್ಲಿ. ಮಕ್ಕಳು, ಕೊಠಡಿ, ಶಿಕ್ಷಕರು, ಹಣ, ಈ ನಾಲ್ಕು ಸಂಖ್ಯೆಗಳು ಒಂದಕ್ಕೊಂದು ತಾಳೆಯಾಗಬೇಕು. ಬಹುತೇಕ ಅರ್ಜಿಗಳಲ್ಲಿ ಒಂದೊಂದು ಪುಟವನ್ನು ಒಬ್ಬೊಬ್ಬರು ತುಂಬಿರುತ್ತಾರೆ, ಹಾಗಾಗಿ ಒಂದು ಇನ್ನೊಂದರ ಜೊತೆ ಕೂಡಿಬರುವುದಿಲ್ಲ.

ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ 1ರಿಂದ 5ನೇ ತರಗತಿಗೆ ಹೇಳುವುದು ಇಷ್ಟು: 60 ಮಕ್ಕಳವರೆಗೆ 2 ಶಿಕ್ಷಕರು, 61ರಿಂದ 90ಕ್ಕೆ 3, 91ರಿಂದ 120ಕ್ಕೆ 4, 121ರಿಂದ 200ಕ್ಕೆ 5. ಮಕ್ಕಳು 150 ಮೀರಿದರೆ ಈ 5 ಜನರಲ್ಲದೆ ಒಬ್ಬ ಮುಖ್ಯೋಪಾಧ್ಯಾಯರು. ಶಿಕ್ಷಕರಿಗೊಂದರಂತೆ ಕೊಠಡಿ ಇರಲೇಬೇಕು. ನೀವು ತರಗತಿಗೆ 30 ಎಂದು ಬರೆದರೆ ವರ್ಷವರ್ಷಕ್ಕೆ ಒಟ್ಟು 30, 60, 90, 120, 150. ಶಿಕ್ಷಕರು 2, 2, 3, 4, 5. 35 ಎಂದು ಬರೆದರೆ ಒಟ್ಟು 35, 70, 105, 140, 175. ಆಗ ಶಿಕ್ಷಕರು 2, 3, 4, 5, ಐದನೇ ವರ್ಷಕ್ಕೆ 5 ಮತ್ತು ಮುಖ್ಯೋಪಾಧ್ಯಾಯರು. ತರಗತಿಗೆ ಐದೇ ಮಕ್ಕಳು ಹೆಚ್ಚಾದದ್ದಕ್ಕೆ ಮೂರನೇ ಶಿಕ್ಷಕರೂ ಮೂರನೇ ಕೊಠಡಿಯೂ ಒಂದು ವರ್ಷ ಮೊದಲೇ ಬೇಕಾದವು. ಮೊದಲ ವರ್ಷಗಳಿಗೆ 30 ಎಂದೇ ಇಟ್ಟುಕೊಳ್ಳುವುದು ಒಳ್ಳೆಯದು.

ಈಗ ಹಣ. ಉದಾಹರಣೆಗೆ ಇಬ್ಬರು ಶಿಕ್ಷಕರಿಗೆ ತಿಂಗಳಿಗೆ ತಲಾ 22,000, ಕಚೇರಿ ಸಹಾಯಕರಿಗೆ 15,000, ಆಯಾಗೆ 12,000 ಎಂದುಕೊಳ್ಳಿ. ತಿಂಗಳಿಗೆ 71,000, ವರ್ಷಕ್ಕೆ 8,52,000 ರೂಪಾಯಿ. 30 ಮಕ್ಕಳು, ತಲಾ 20,000 ಶುಲ್ಕ ಎಂದರೆ 6 ಲಕ್ಷ. ವಿದ್ಯುತ್ತು, ನೀರು, ವಾಹನದ ಮಾತು ಬರುವ ಮೊದಲೇ 2,52,000 ಕೊರತೆ. 18 ಮಕ್ಕಳು ಮಾತ್ರ ಬಂದರೆ ಕೊರತೆ 4,92,000ಕ್ಕೆ ಏರುತ್ತದೆ, ಏಕೆಂದರೆ ಸಂಬಳ ಕಡಿಮೆಯಾಗುವುದಿಲ್ಲ. ಈ ಎರಡನೇ ಲೆಕ್ಕವನ್ನೂ ಬಜೆಟ್‌ನಲ್ಲಿ ಹಾಕಿ, ಕೊರತೆ ಎಲ್ಲಿಂದ ತುಂಬುತ್ತೀರಿ ಎಂದು ಬರೆಯಿರಿ: ಠೇವಣಿಯೋ, ದಾನಿಗಳ ಲಿಖಿತ ಒಪ್ಪಿಗೆಯೋ. ‘ದಾನಿಗಳ ನೆರವಿನಿಂದ’ ಎಂಬ ಒಂದೇ ಸಾಲಿಗೆ ಅರ್ಥವಿಲ್ಲ. ಶುಲ್ಕ ಎರಡು ಮೂರು ಕಂತುಗಳಲ್ಲಿ ಬರುತ್ತದೆ, ಸಂಬಳ 12 ತಿಂಗಳೂ ಹೋಗುತ್ತದೆ. ಚಾಲಕರು, ಆಯಾಗಳೂ ಸೇರಿ ಸಿಬ್ಬಂದಿ 20 ಮುಟ್ಟಿದಾಗ ಭವಿಷ್ಯನಿಧಿ ಶುರುವಾಗುತ್ತದೆ, 10 ಮುಟ್ಟಿದಾಗ ಗ್ರಾಚ್ಯುಟಿ. ಕೊರತೆ ತುಂಬಲು ಪ್ರವೇಶದ ಹೊತ್ತಿನಲ್ಲಿ ವಂತಿಗೆ ಕೇಳುವ ಯೋಚನೆ ಯಾರಿಗಾದರೂ ಇದ್ದರೆ ಈಗಲೇ ಬಿಡಿಸಿ: ಶಿಕ್ಷಣ ಹಕ್ಕು ಕಾಯ್ದೆಯ 13ನೇ ಕಲಂ ಪ್ರಕಾರ ವಸೂಲಿ ಮಾಡಿದ್ದರ ಹತ್ತು ಪಟ್ಟಿನವರೆಗೆ ದಂಡ ಬೀಳುತ್ತದೆ, ಮಗುವಿಗೋ ಹೆತ್ತವರಿಗೋ ಪ್ರವೇಶ ಪರೀಕ್ಷೆ, ಸಂದರ್ಶನ ಮಾಡಿದರೆ ಮೊದಲ ಸಲ 25,000, ಆಮೇಲೆ ಪ್ರತಿ ಸಲ 50,000.

ಶಿಕ್ಷಕಿಯರ ಬಗ್ಗೆ: 1ರಿಂದ 5ನೇ ತರಗತಿಗೆ ಬಿ.ಎಡ್. ಅರ್ಹತೆಯಲ್ಲ ಎಂದು ಸುಪ್ರೀಂ ಕೋರ್ಟ್ 2023ರ ಆಗಸ್ಟ್‌ನಲ್ಲಿ ಹೇಳಿಯಾಗಿದೆ. ಪಿಯುಸಿ, ಎರಡು ವರ್ಷದ ಡಿ.ಎಲ್.ಎಡ್. (ಪ್ರಾಥಮಿಕ ಶಿಕ್ಷಣ ಡಿಪ್ಲೊಮಾ), ಜೊತೆಗೆ ಟಿಇಟಿ (ಶಿಕ್ಷಕರ ಅರ್ಹತಾ ಪರೀಕ್ಷೆ) ಮೊದಲ ಪತ್ರಿಕೆ ಬೇಕು. ನಿಮ್ಮ ಬಿ.ಎಡ್. ಶಿಕ್ಷಕಿಯರು ಪದವಿಯ ಜೊತೆ ಟಿಇಟಿ ಎರಡನೇ ಪತ್ರಿಕೆ ಪಾಸಾಗಿದ್ದರೆ 6ನೇ ತರಗತಿ ಬಂದಾಗ ಅವರನ್ನು ತೆಗೆದುಕೊಳ್ಳಿ.

ಪ್ರಶ್ನೆ: ಹಂಚಿನ ಮಾಡಿನ ದೊಡ್ಡ ಹಳೆಮನೆಯೊಂದು ಸಿಕ್ಕಿದೆ. ಮುರಕಲ್ಲಿನ ಗೋಡೆ, ಉಪ್ಪರಿಗೆ ಇದೆ. ಶಾಲೆಗೆ ಒಪ್ಪುತ್ತಾರೆಯೇ? (ಉಡುಪಿ)

ಒಪ್ಪುವುದು ಬಿಡುವುದು ಎರಡು ಪ್ರಮಾಣಪತ್ರಗಳ ಮೇಲಿದೆ: ಕಟ್ಟಡ ಗಟ್ಟಿಯಿದೆ ಎಂದು ಎಂಜಿನಿಯರರದು, ಬೆಂಕಿಯಿಂದ ಸುರಕ್ಷಿತ ಎಂದು ಅಗ್ನಿಶಾಮಕ ಇಲಾಖೆಯದು. 2004ರ ಜುಲೈ 16ರಂದು ಕುಂಭಕೋಣದ ಶಾಲೆಯೊಂದರಲ್ಲಿ 94 ಮಕ್ಕಳು ಬೆಂಕಿಗೆ ಬಲಿಯಾದರು. ಆ ದುರಂತದ ಬಗ್ಗೆ ಸುಪ್ರೀಂ ಕೋರ್ಟಿಗೆ ಅರ್ಜಿ ಹೋಗಿ, 2009ರ ತೀರ್ಪು ಶಾಲೆಗಳ ಸುರಕ್ಷತೆಯನ್ನು ಕಡ್ಡಾಯ ಮಾಡಿತು. ಅಲ್ಲಿ ಹೊತ್ತಿಕೊಂಡದ್ದು ಗರಿ ಹೊದೆಸಿದ ಮಾಡು. ನಿಮ್ಮ ಜಾಗದಲ್ಲಿ ಅಡುಗೆಗೆ, ಸೈಕಲ್ ನಿಲ್ಲಿಸಲು ತೆಂಗಿನ ಮಡಲಿನ ಚಪ್ಪರ ಇದ್ದರೆ ತೆಗೆಸಿಬಿಡಿ.

ಮರದ ಮಾಡನ್ನು ಪರೀಕ್ಷಿಸುವಾಗ ನಡುವೆ ನಿಂತು ಮೇಲೆ ನೋಡಿದರೆ ಏನೂ ತಿಳಿಯುವುದಿಲ್ಲ. ಪಕ್ಕಾಸು (ಹಂಚನ್ನು ಹೊರುವ ಓರೆ ಮರ) ಗೋಡೆಯ ಮೇಲೆ ಕೂರುವ ತುದಿಯನ್ನು ನೋಡಬೇಕು. ಒಡೆದ ಹಂಚಿನ ನೀರು ಇಳಿದು ನಿಲ್ಲುವುದು ಅಲ್ಲಿ, ಗೆದ್ದಲು ಮೊದಲು ಹಿಡಿಯುವುದೂ ಅಲ್ಲೇ. ಚೂಪಾದ ಉಳಿಯಿಂದ ಒತ್ತಿ ನೋಡಿ; ಮೆತ್ತಗೆ ಒಳಹೋದರೆ ಆ ಪಕ್ಕಾಸು ಬದಲಾಗಬೇಕು. ಬಣ್ಣ ಬಳಿದು, ಫಾಲ್ಸ್ ಸೀಲಿಂಗ್ ಹಾಕಿಸಿ ತಪಾಸಣೆಗೆ ಕರೆಯಬೇಡಿ. ಮುಚ್ಚಿದ ಮಾಡಿಗೆ ಜವಾಬ್ದಾರಿಯುಳ್ಳ ಎಂಜಿನಿಯರ್ ಸಹಿ ಹಾಕುವುದಿಲ್ಲ. ಉಪ್ಪರಿಗೆಯಲ್ಲಿ ತರಗತಿ ಇಡಬೇಡಿ. ಹಳೆಮನೆಯ ಮರದ ಏಣಿಮೆಟ್ಟಿಲು ಒಬ್ಬರೇ ಹತ್ತುವಷ್ಟು ಕಿರಿದು. ರಾಷ್ಟ್ರೀಯ ಕಟ್ಟಡ ಸಂಹಿತೆ ಶಾಲೆಯ ಮೆಟ್ಟಿಲಿಗೆ ಕೇಳುವುದು 1.5 ಮೀಟರ್ ಅಗಲ, 45ಕ್ಕಿಂತ ಹೆಚ್ಚು ಜನ ಕೂರುವ ಕೋಣೆಗೆ ಎರಡು ಬಾಗಿಲು.

ಇಳಿಜಾರು ದಾರಿಗೂ ಜಾಗ ಬಿಡಿ. ಮಳೆಗೆಂದು ನಮ್ಮಲ್ಲಿ ಪಂಚಾಂಗ (ಕಟ್ಟಡದ ಬುಡದ ಕಟ್ಟೆ) ಎತ್ತರ. 1:12 ಇಳಿಜಾರಿನ ಲೆಕ್ಕದಲ್ಲಿ 45 ಸೆಂ.ಮೀ. ಎತ್ತರಕ್ಕೆ 5.4 ಮೀಟರ್ ಉದ್ದ ಬೇಕು, 60 ಸೆಂ.ಮೀ.ಗೆ 7.2 ಮೀಟರ್. ಜಾಗ ಸಾಲದೆಂದು ಕಡಿದಾಗಿ ಕಟ್ಟಿದ ಇಳಿಜಾರಿನಲ್ಲಿ ಗಾಲಿಕುರ್ಚಿಯ ಮಗು ತಾನಾಗಿ ಏರಲಾರದು. ಅದರ ಮೇಲೊಂದು ಮಾಡೂ ಇರಲಿ, ಇಲ್ಲವಾದರೆ ಆಷಾಢದಲ್ಲಿ ಪಾಚಿ ಕಟ್ಟಿ ಜಾರುತ್ತದೆ.

ಪ್ರಶ್ನೆ: ಅಮೆರಿಕದಲ್ಲಿರುವ ಮಗಳು ಮತ್ತು ಗೆಳತಿಯರು ಅಲ್ಲಿ ‘ಚಾರ್ಟರ್ ಶಾಲೆ’ಗೆ ಅರ್ಜಿ ಸಿದ್ಧಪಡಿಸುತ್ತಿದ್ದಾರೆ. ಏನಿದು? ಕನ್ನಡ, ಯಕ್ಷಗಾನ ಕಲಿಸಬಹುದೇ? ನಮ್ಮಲ್ಲಿ ಇಂಥದ್ದು ಇದೆಯೇ? (ಕದ್ರಿ, ಮಂಗಳೂರು)

ಸರ್ಕಾರದ ಹಣದಲ್ಲಿ ನಡೆಯುವ, ಶುಲ್ಕವಿಲ್ಲದ, ಆದರೆ ಸ್ವತಂತ್ರ ಆಡಳಿತ ಮಂಡಳಿ ನಡೆಸುವ ಸಾರ್ವಜನಿಕ ಶಾಲೆ ಅದು. ಮೊದಲ ಕಾನೂನು ಬಂದದ್ದು 1991ರಲ್ಲಿ, ಮಿನ್ನೆಸೋಟ ರಾಜ್ಯದಲ್ಲಿ. ಅನುಮತಿ ಕೊಡುವ ಸಂಸ್ಥೆ ರಾಜ್ಯದಿಂದ ರಾಜ್ಯಕ್ಕೆ ಬೇರೆ: ಕೆಲವೆಡೆ ರಾಜ್ಯ ಮಂಡಳಿ, ಕೆಲವೆಡೆ ವಿಶ್ವವಿದ್ಯಾಲಯ ಅಥವಾ ಸ್ಥಳೀಯ ಶಾಲಾ ಜಿಲ್ಲೆ. ಹಾಗಾಗಿ ಮಗಳು ಮೊದಲು ಓದಬೇಕಾದದ್ದು ತನ್ನ ರಾಜ್ಯದ ಕಾನೂನು. ಒಪ್ಪಿಗೆ ನಿಗದಿತ ಅವಧಿಗೆ, ಸಾಮಾನ್ಯವಾಗಿ ಐದು ವರ್ಷಕ್ಕೆ. ಅದು ಮುಗಿದಾಗ ಮಕ್ಕಳ ಕಲಿಕೆ ಮತ್ತು ಲೆಕ್ಕಪತ್ರ ನೋಡಿ ನವೀಕರಿಸುತ್ತಾರೆ, ಇಲ್ಲವೇ ಮುಚ್ಚಿಸುತ್ತಾರೆ.

ಅಲ್ಲೂ ಅರ್ಜಿ ಕೆಡುವುದು ಸಂಖ್ಯೆಗಳು ತಾಳೆಯಾಗದೆ. ಹಣ ಬರುವುದು ಮಗುವಿನ ತಲೆಲೆಕ್ಕದಲ್ಲಿ, ಆದರೆ ತೆರೆಯುವ ಮುನ್ನ ಒಂದು ವರ್ಷ ಸಿದ್ಧತೆಯದು. ಆಗ ಮಕ್ಕಳಿಲ್ಲ, ಹಣವೂ ಇಲ್ಲ. ಆ ವರ್ಷದ ಖರ್ಚಿಗೆ ಮೂಲ ತೋರಿಸದ ಅರ್ಜಿ ನಿಲ್ಲುವುದಿಲ್ಲ. ವಿಶೇಷ ಅಗತ್ಯದ ಮಕ್ಕಳನ್ನು ನಿರಾಕರಿಸುವಂತಿಲ್ಲ, ಅವರಿಗೆ ಬೇಕಾದ ಶಿಕ್ಷಕರ ಸಂಬಳ ಬಜೆಟ್‌ನಲ್ಲಿ ಇರಬೇಕು. ಸೀಟಿಗಿಂತ ಅರ್ಜಿ ಹೆಚ್ಚಾದರೆ ಲಾಟರಿ ಎತ್ತಬೇಕು. ಕನ್ನಡದ ಮನೆಯ ಮಕ್ಕಳಿಗೆ ಮಾತ್ರ ಎನ್ನುವಂತಿಲ್ಲ. ಮಂಡಳಿಯ ಸದಸ್ಯರನ್ನು ಕೂರಿಸಿ ಸಂದರ್ಶನ ಮಾಡುವುದೂ ಉಂಟು. ಬಜೆಟ್ ಬಗ್ಗೆ ಒಬ್ಬರೇ ಉತ್ತರಿಸಿ ಉಳಿದವರು ಸುಮ್ಮನಿದ್ದರೆ ಅರ್ಜಿ ಬರೆದವರು ಬೇರೆಯವರು ಎಂದು ಗೊತ್ತಾಗಿಬಿಡುತ್ತದೆ. ಕನ್ನಡವನ್ನು ಭಾಷೆಯಾಗಿ, ಯಕ್ಷಗಾನವನ್ನು ಕಲೆಯಾಗಿ ಕಲಿಸಲು ಅಡ್ಡಿಯಿಲ್ಲ. ಚೌಕಿಪೂಜೆ (ಯಕ್ಷಗಾನಕ್ಕೆ ಮುಂಚಿನ ದೇವರ ಪೂಜೆ), ಭಜನೆಯನ್ನು ಶಾಲೆಯ ಕಾರ್ಯಕ್ರಮವಾಗಿ ಸೇರಿಸುವಂತಿಲ್ಲ. ಒಕ್ಲಹೋಮದ ಧಾರ್ಮಿಕ ಚಾರ್ಟರ್ ಶಾಲೆಯ ಪ್ರಕರಣದಲ್ಲಿ 2025ರ ಮೇ ತಿಂಗಳಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 4–4ರಲ್ಲಿ ಸಮವಾದ್ದರಿಂದ, ಶಾಲೆಗೆ ಅವಕಾಶವಿಲ್ಲವೆಂಬ ರಾಜ್ಯ ನ್ಯಾಯಾಲಯದ ತೀರ್ಪೇ ಉಳಿಯಿತು.

ನಮ್ಮಲ್ಲಿ ಇಂಥ ಕಾನೂನಿಲ್ಲ. ಹತ್ತಿರದ್ದೆಂದರೆ ಅನುದಾನಿತ ಶಾಲೆ: ಆಡಳಿತ ಖಾಸಗಿ, ಶಿಕ್ಷಕರ ಸಂಬಳ ಸರ್ಕಾರದ್ದು. ಕರಾವಳಿಯಲ್ಲಿ ತಲೆಮಾರುಗಳಿಂದ ಕಲಿಸುತ್ತ ಬಂದ ಇಂಥ ಶಾಲೆಗಳು ಮಕ್ಕಳಿಲ್ಲದೆ ಸೊರಗುತ್ತಿವೆ. ಹೊಸದನ್ನು ಕಟ್ಟುವ ಮುನ್ನ ಪಕ್ಕದಲ್ಲಿರುವುದನ್ನು ಎತ್ತಿ ನಿಲ್ಲಿಸಬಹುದೇ ಎಂದು ಯೋಚಿಸಿ ಎಂದು ಯಾರಿಗಾದರೂ ಹೇಳುತ್ತೇವೆ.

ಪ್ರಶ್ನೆ: ಕುಡಿಯುವ ನೀರಿಗೆ ತೆರೆದ ಬಾವಿ ಇದೆ. ಒಂದು ಪರೀಕ್ಷಾ ವರದಿ ಸಾಕೇ? (ಬೈಂದೂರು)

ಮೇ ತಿಂಗಳಲ್ಲಿ ಒಂದು, ಜುಲೈಯಲ್ಲಿ ಒಂದು ಮಾಡಿಸಿ. ಬೇಸಗೆಯಲ್ಲಿ ಕಡಲ ಬದಿಯ ಬಾವಿಗೆ ಉಪ್ಪು ನುಗ್ಗುತ್ತದೆ, ಮಳೆಗಾಲದಲ್ಲಿ ಮುರಕಲ್ಲಿನ ಸಂದುಗಳಿಂದ ಕೊಳೆ ಇಳಿಯುತ್ತದೆ. ವರದಿಯಲ್ಲಿ 100 ಮಿ.ಲೀ. ನೀರಿನಲ್ಲಿ ಇ-ಕೊಲೈ (ಮಲದಿಂದ ಬರುವ ರೋಗಾಣು) ಇರಲೇಬಾರದು. ಶೌಚದ ಇಂಗುಗುಂಡಿ ಬಾವಿಯಿಂದ 18 ಮೀಟರ್ ಆಚೆ ಇರಲಿ. ಬಾವಿಗೆ ಕಟ್ಟೆಯೂ ಬೀಗ ಹಾಕುವ ಕಬ್ಬಿಣದ ಜಾಲರಿಯೂ ಬೇಕು. 3 ಮೀಟರ್ ಅಡ್ಡಗಲದ ಬಾವಿಯಲ್ಲಿ 4 ಮೀಟರ್ ನೀರಿದ್ದರೆ ಸುಮಾರು 28,000 ಲೀಟರ್. ಸಾವಿರ ಲೀಟರಿಗೆ 2.5 ಗ್ರಾಂ ಲೆಕ್ಕದಲ್ಲಿ 70 ಗ್ರಾಂ ಒಳ್ಳೆಯ ಬ್ಲೀಚಿಂಗ್ ಪೌಡರ್ ಸಾಕು. ಕಲಸಿ, ತಿಳಿಯನ್ನು ಬಾವಿಗೆ ಬಿಟ್ಟು ಒಂದು ಗಂಟೆ ಕಾಯಿರಿ. ನಲ್ಲಿಯಲ್ಲಿ ಲೀಟರಿಗೆ ಕನಿಷ್ಠ 0.2 ಮಿ.ಗ್ರಾಂ ಕ್ಲೋರಿನ್ ಉಳಿದಿರಬೇಕು.

ಮಳೆಯ ಮಾತು ಬಂತೆಂದು ಇದೊಂದು: ವರ್ಷಕ್ಕೆ 1ರಿಂದ 5ಕ್ಕೆ 200 ದಿನ, 6ರಿಂದ 8ಕ್ಕೆ 220 ದಿನ ಪಾಠ ನಡೆಯಲೇಬೇಕು. ಜಿಲ್ಲಾಧಿಕಾರಿಗಳು ಸಾರುವ ಮಳೆ ರಜೆಗಳನ್ನು ತುಂಬಿಕೊಡಲು ಶನಿವಾರದ ಮಧ್ಯಾಹ್ನಗಳನ್ನು ವೇಳಾಪಟ್ಟಿಯಲ್ಲಿ ಈಗಲೇ ಗುರುತಿಸಿಡಿ.

ಪ್ರಶ್ನೆ: ಮಾಧ್ಯಮದ ಕಾಲಂನಲ್ಲಿ ‘ಕನ್ನಡ/ಇಂಗ್ಲಿಷ್’ ಎಂದು ಬರೆದರೆ ನಡೆಯುತ್ತದೆಯೇ? ತುಳು ಕಲಿಸಬಹುದೇ? (ಮೂಡುಬಿದಿರೆ)

ಒಂದೇ ಬರೆಯಿರಿ. ಎರಡು ಮಾಧ್ಯಮ ಬೇಕಿದ್ದರೆ ಎರಡಕ್ಕೂ ಬೇರೆ ಬೇರೆ ವಿಭಾಗ, ಕೊಠಡಿ, ಶಿಕ್ಷಕರನ್ನು ತೋರಿಸಬೇಕು. ಕನ್ನಡಕ್ಕೆ ಅನುಮತಿ ಪಡೆದು ಇಂಗ್ಲಿಷಿನಲ್ಲಿ ಕಲಿಸಿದರೆ ಮಾನ್ಯತೆಗೇ ಕುತ್ತು. ಇಂಗ್ಲಿಷ್ ಮಾಧ್ಯಮವಾದರೂ 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆಯಂತೆ ಕನ್ನಡ ಪ್ರಥಮ ಇಲ್ಲವೇ ದ್ವಿತೀಯ ಭಾಷೆಯಾಗಿ ಇರಲೇಬೇಕು. ತುಳುವನ್ನು 6ನೇ ತರಗತಿಯಿಂದ ತೃತೀಯ ಭಾಷೆಯಾಗಿ ಕಲಿಸಬಹುದು. ಪಾಠ ಮಾಡುವವರು ಯಾರೆಂದು ಮಾತ್ರ ಮೊದಲೇ ಗೊತ್ತು ಮಾಡಿಕೊಳ್ಳಿ.